ಮಾಮಾ ನೆಲಕ್ಕೆ ಕಾಲಿಟ್ಟಿದ್ದು

ನಮ್ಮ ಮಾಮಾ ಎಷ್ಟೋ ವರ್ಷ ನೆಲದ ಮೇಲೆ ಕಾಲಿಟ್ಟವರೇ ಅಲ್ಲ!

ಹೀಗೆಂದ ಕೂಡಲೇ ನೀವು ಅವರನ್ನು ದೊಡ್ಡ ಸಾಹುಕಾರರೆಂದೋ, ಗಾಳಿಯಲ್ಲಿ ತೇಲುವ ಸಾಧುವೆಂದೋ ತಿಳಿದುಬಿಡಬೇಡಿ. ಅವರು ತಿಕೋಟಾದಲ್ಲಿ ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದವರು. ಸುತ್ತಲಿನ ಹಳ್ಳಿಗಳಲ್ಲಿ ಯಾರದೇ ಮದುವೆಯಿರಲಿ, ಬಸುರಿಯ ಕುಬಸವಿರಲಿ, ಹಂದರ ಇವರದು, ಖುರ್ಚಿ ಇವರವು, ಬೀಗರ ಕಾಲಡಿಯ ಕೆಂಪು ಕಾರ್ಪೆಟ್ಟೂ ಇವರದೇ. ವಯಸ್ಸಾಯಿತೆಂದು ವ್ಯಾಪಾರ ಮುಚ್ಚಿ ವಿಜಯಪುರಕ್ಕೆ ಬಂದು ನೆಲೆಸಿದಾಗ ಕಂಬ, ಬಟ್ಟೆ, ಪಾತ್ರೆ ಎಲ್ಲವನ್ನೂ ಮಾರಿದರು. ಕಾರ್ಪೆಟ್ ಮಾತ್ರ ಮಾರಲು ಮನಸ್ಸು ಬರಲಿಲ್ಲ. ಮನೆಗೆ ತಂದು, ನೆಲಕ್ಕೆ ಅಂಟು ಬಳಿದು, ಗೋಡೆಯಿಂದ ಗೋಡೆಗೆ ಅಂಟಿಸಿಯೇ ಬಿಟ್ಟರು. ಪಡಸಾಲೆ, ಮಲಗುವ ಖೋಲಿ, ಮೆಟ್ಟಿಲು, ಕಡೆಗೆ ದೇವರ ಖೋಲಿ! ಕೆಳಗಿದ್ದ ಸಿಮೆಂಟು ಅಂದಿನಿಂದ ಬೆಳಕು ಕಂಡಿರಲಿಲ್ಲ.

"ಮಂದಿ ಜೀವನದಾಗ ಒಮ್ಮೆ ಕೆಂಪು ಹಾಸಿನ ಮ್ಯಾಲ ನಡೀತಾರ. ನಾವು ನೀರು ಕುಡಿಯಾಕ ಹೋದ್ರೂ ಮದುಮಕ್ಕಳಂಗ ಹೋಗ್ತೇವಿ" ಎಂದು ಅವರ ಹೆಮ್ಮೆ.

ನಾನು ಬಿ.ಎಡ್ ಓದಲೆಂದು ಬಬಲೇಶ್ವರದಿಂದ ಬಂದು ಈ ಮದುಮಕ್ಕಳ ಮನೆಯಲ್ಲಿ ಉಳಿದೆ. ದಿನಾ ನಡೆದದ್ದನ್ನು ತಾರೀಖು ಹಾಕಿ ಬರೆದಿಡುವುದು ನನ್ನ ಚಟ. ಮೊದಲ ವಾರದ ಪುಟಗಳಲ್ಲಿ ಇರುವುದೆಲ್ಲ ಮಾಮಾ ಎದ್ದದ್ದು, ಕುಳಿತದ್ದು, ಮತ್ತೆ ಎದ್ದದ್ದು. ಹಂದರ ಹಾಕಿದವರ ಕಾಲು, ಒಂದು ಕಡೆ ನಿಲ್ಲುವುದಿಲ್ಲ. ಊಟದ ನಡುವೆ ಎದ್ದು ಫ್ಯಾನ್ ಸರಿಪಡಿಸುತ್ತಾರೆ. ಮಾತಿನ ನಡುವೆ ಎದ್ದು ಖುರ್ಚಿಗಳನ್ನು ಸಾಲು ಮಾಡುತ್ತಾರೆ. ಮನೆಗೆ ಬಂದವರು ಇಬ್ಬರೇ ಆದರೂ ಖುರ್ಚಿ ಸಾಲು ತಪ್ಪಬಾರದು!

ಇನ್ನು ನಮ್ಮ ಕಡೆಯ ಗಾಳಿ ನಿಮಗೆ ಗೊತ್ತಲ್ಲ. ಬೇಸಗೆಯಲ್ಲಿ ಅರ್ಧ ಗಾಳಿ, ಅರ್ಧ ಮಣ್ಣು. ಆ ಮಣ್ಣೆಲ್ಲ ಮಾಮಾನ ಮನೆಗೆ ಬಂದು ಕಾರ್ಪೆಟ್ಟಿನಲ್ಲಿ ಬಿಡಾರ ಹೂಡುತ್ತಿತ್ತು. ಅಂಟಿಸಿದ್ದರಿಂದ ಎತ್ತಿ ಝಾಡಿಸುವಂತಿಲ್ಲ, ನೀರು ಹಾಕಿ ಒರೆಸುವಂತಿಲ್ಲ. ಮಾಮಿ ಕಸಬರಿಗೆ ಹಿಡಿದರೆ ಧೂಳು ಎದ್ದು, ಮನೆಯೆಲ್ಲ ಒಂದು ಸುತ್ತು ಹಾಕಿ, ಊಟದ ಹೊತ್ತಿಗೆ ಸರಿಯಾಗಿ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಜೊತೆಗೆ ಚೆಲ್ಲಿದ ಶೇಂಗಾ ಹಿಂಡಿಯ ಪುಡಿ, ರೊಟ್ಟಿಯ ಚೂರು, ಅವುಗಳ ಹಿಂದೆ ಇರುವೆಗಳ ದಿಬ್ಬಣ. ಮದುವೆಯ ಕಾರ್ಪೆಟ್ ಅಲ್ಲವೇ, ಊಟಕ್ಕೆ ಬರುವವರು ಬಂದೇ ಬರುತ್ತಾರೆ!

ಇದು ಬರೀ ನಗುವ ಮಾತಾಗಿದ್ದರೆ ಚೆನ್ನಾಗಿತ್ತು. ಮಾಮಿಗೆ ಕೆಮ್ಮು ಹತ್ತಿತು. ಮೊದಲು ಕಸ ಗುಡಿಸುವಾಗ, ಆಮೇಲೆ ಮಲಗಿದಾಗ, ಆಮೇಲೆ ಸುಮ್ಮನೆ ಕುಳಿತಾಗಲೂ. ಕೆಮ್ಮಿ ಕೆಮ್ಮಿ ಉಸಿರು ಸಿಗದೆ ಗೋಡೆ ಹಿಡಿದು ನಿಲ್ಲುವರು. ಡಾಕ್ಟರು ಪರೀಕ್ಷಿಸಿ, "ದಿನಕ್ಕ ಎಷ್ಟು ಸರತಿ ಕೆಮ್ಮತಾರ?" ಎಂದು ಕೇಳಿದರು.

"ಅದನ್ನ ಯಾರ್ ಎಣಸತಾರ್ರೀ?" ಎಂದರು ಮಾಮಾ.

"ನಾ ಬರದಿಟ್ಟೇನ್ರಿ" ಎಂದೆ ನಾನು. ಮಾಮಾ ನನ್ನನ್ನು ನೋಡಿದ ನೋಟಕ್ಕೆ ನನಗೇ ಕೆಮ್ಮು ಬಂತು.

ಡಾಕ್ಟರು ಮನೆಯ ವಿಚಾರವೆಲ್ಲ ಕೇಳಿ, ಕಾರ್ಪೆಟ್ ಕಿತ್ತು ಒರೆಸಲು ಬರುವಂಥ ನೆಲ ಮಾಡಿಸಿ, ಇಲ್ಲದಿದ್ದರೆ ದಮ್ಮು ಹೆಚ್ಚಾಗುತ್ತದೆ, ಔಷಧಿಯೊಂದೇ ಸಾಲದು ಎಂದು ಬಿಡಿಸಿ ಹೇಳಿದರು. ಮಾಮಾ ತಲೆಯಾಡಿಸಿದರು. ಹೊರಗೆ ಬಂದು ಆಟೋ ಹತ್ತಿದ ಮೇಲೆ, "ಡಾಕ್ಟರು ಇನ್ನೂ ಹುಡುಗರದಾರ. ಕಾರ್ಪೆಟ್ ಏನು ಉಸಿರಾಡತೈತೇನು, ಉಸಿರು ಕಟ್ಟಸಾಕ?" ಎಂದರು.

ಹಾಗಾದರೆ ತಪ್ಪಿತಸ್ಥ ಯಾರು? ಮಾಮಾನ ತನಿಖೆ ಶುರುವಾಯಿತು. ಮೊದಲು ಸಿಕ್ಕಿಬಿದ್ದದ್ದು ಒಗ್ಗರಣೆ. ಮೆಣಸಿನಕಾಯಿ ಘಾಟಿಗೇ ಕೆಮ್ಮು ಎಂದು ಒಗ್ಗರಣೆಯನ್ನೇ ಬಂದ್ ಮಾಡಿದರು. ಬರೀ ಬೇಯಿಸಿದ ಬೇಳೆ ಉಂಡು ನಾನು ಸೊರಗಿದೆ, ಕೆಮ್ಮು ಸೊರಗಲಿಲ್ಲ. ಆಮೇಲೆ ಓಣಿಯ ಎಮ್ಮೆ. ಅದಾದ ಮೇಲೆ ಭೂತನಾಳ ಕೆರೆಯ ಕಡೆಯಿಂದ ಬರುವ ತಂಪು ಗಾಳಿ. ಆ ಕಡೆಯ ಕಿಟಕಿಗೆ ಗೋಣಿಚೀಲ ಕಟ್ಟಿದರು. ಮನೆ ಕತ್ತಲಾಯಿತು. ಮಾಮಿ ಕತ್ತಲಲ್ಲಿ ಕೆಮ್ಮಿದರು.

ಕಡೆಗೆ ಅವ್ವ ಬಬಲೇಶ್ವರದಿಂದ ಬಂದು, "ವೈನಿನ್ನ ಎಂಟು ದಿನ ನಮ್ಮ ಮನಿಗೆ ಕಳಸಣ್ಣಾ" ಎಂದು ಮಾಮಿಯನ್ನು ಕರೆದೊಯ್ದಳು. ನಮ್ಮದು ಹಳೆಯ ಕಲ್ಲಿನ ನೆಲ, ಬೆಳಿಗ್ಗೆ ಒಮ್ಮೆ ಒದ್ದೆ ಬಟ್ಟೆ ಎಳೆದರೆ ಮುಗಿಯಿತು. ಅಲ್ಲಿ ಮಾಮಿ ಉಂಡರು, ಮಲಗಿದರು, ಅವ್ವನ ಜೊತೆ ಊರಿನವರನ್ನೆಲ್ಲ ಆಡಿಕೊಂಡರು. ಕೆಮ್ಮು ದಿನದಿಂದ ದಿನಕ್ಕೆ ಇಳಿಯಿತು. ಮರಳಿ ವಿಜಯಪುರಕ್ಕೆ ಬಂದು ಹೊಸ್ತಿಲು ದಾಟಿ ಚಪ್ಪಲಿ ಬಿಟ್ಟರು ನೋಡಿ, ಮತ್ತೆ ಶುರು! ಆ ಸಂಜೆ ಗೋಡೆ ಹಿಡಿದು ನಿಂತವರು ಬಹಳ ಹೊತ್ತು ಕೂರಲಿಲ್ಲ. ಮಾಮಾ ಅವರ ಬೆನ್ನು ನೀವುತ್ತ ನಿಂತರು. ಮರುದಿನ ಬೆಳಿಗ್ಗೆ ನನ್ನ ಕಡೆ ತಿರುಗಿ, "ನಡಿ, ಪರಸಿ ನೋಡಿ ಬರೋಣು" ಎಂದರು. ನಮ್ಮ ಕಡೆ ನೆಲಕ್ಕೆ ಹಾಸುವ ಕಲ್ಲಿಗೆ ಪರಸಿ ಎನ್ನುತ್ತಾರೆ.

ಪರಸಿ ನೋಡುವುದೆಂದರೆ ನೀವು ನಾವು ನೋಡಿದಂತೆಯೇ? ಊರಿನ ಅಂಗಡಿಗಳನ್ನೆಲ್ಲ ತಿರುಗಿದೆವು. ಟೈಲ್ಸ್ ತೋರಿಸಿದರೆ, "ಇದರಾಗ ಮಾರಿ ಕಾಣತೈತಿ, ನಾ ಏನು ದಾಡಿ ಮಾಡಕೋಬೇಕೇನು?" ಎಂದರು. ಗ್ರಾನೈಟ್ ಕಪ್ಪಾಯಿತು. ಗಾಂಧಿ ಚೌಕದ ಆಚೆಯ ಒಂದು ಅಂಗಡಿಯಲ್ಲಿ ಶಹಾಬಾದಿ ಕಲ್ಲು ಹಾಸಿದ್ದರು. ಮಾಮಾ ಚಪ್ಪಲಿ ಬಿಟ್ಟರು, ಕಾಲಿಟ್ಟರು, ಕುಳಿತರು. ನೋಡನೋಡುತ್ತಲೇ ಮೈಚಾಚಿ ಮಲಗಿ ಕಣ್ಣು ಮುಚ್ಚಿದರು!

ಅಂಗಡಿಯವ ಗಾಬರಿಯಾದ. "ಯಜಮಾನ್ರ, ಏನಾತ್ರಿ? ನಾ ಅಂಗಡಿ ತಗದದ್ದು ಕಲ್ಲು ಮಾರಾಕ, ಮಂದಿ ಮಲಗಸಾಕ ಅಲ್ರಿ."

"ಸಾಯೂತನಕ ಇದರ ಮ್ಯಾಲ ಮಲಗಾಂವ ನಾನಪಾ. ಸ್ವಲ್ಪ ಹೊತ್ತು ಮಲಗಿ ನೋಡಿದ್ರ ನಿನ್ನ ಕಲ್ಲು ಸವೀತೈತೇನು?"

ಸ್ವಲ್ಪ ಹೊತ್ತಲ್ಲ, ಗೊರಕೆ ಬರುವವರೆಗೂ ಮಲಗಿದರು. ಬಂದ ಗಿರಾಕಿಗಳು ಅವರನ್ನು ದಾಟಿಕೊಂಡೇ ವ್ಯಾಪಾರ ಮಾಡಿದರು. ಎದ್ದು, ಬೆನ್ನು ಮುಟ್ಟಿ ನೋಡಿಕೊಂಡು, "ಇದ ಇರಲಿ" ಎಂದರು.

ತಿಕೋಟಾದಿಂದ ಮೇಸ್ತ್ರಿ ಇಮಾಮಸಾಬ ಬಂದ. ಶಾಮಿಯಾನದ ಕಾಲದಿಂದ ಮಾಮಾನ ಪರಿಚಯ. ಬಂದವನೇ ಸಬ್ಬಲ್ ತೆಗೆದು ಕಾರ್ಪೆಟ್ಟಿನ ಅಂಚಿಗೆ ಇಟ್ಟ. ಮಾಮಾ ಓಡಿಹೋಗಿ ಅವನ ಕೈ ಹಿಡಿದರು.

"ಏ, ತಡಿಯಪಾ! ಹಂಗ ಸುತ್ತಾಕ ಬರೂದಿಲ್ಲ. ಮಂದಿ ಎದ್ದು ಹೋದ ಮ್ಯಾಲ ಹಾಸು ಸುತ್ತಬೇಕು. ಇಷ್ಟು ವರ್ಷ ದಂಧೆ ಮಾಡೇನಿ, ಒಂದ್ ದಿನಾ ಬೀಗರ ಕಾಲಾಗಿನ ಹಾಸು ಜಗ್ಗಿಲ್ಲ."

"ಕಾಕಾ, ಇಲ್ಲಿ ಮಂದಿ ಎಲ್ಲಿ ಅದಾರ್ರಿ?"

"ಕುಂಡ್ರಸೋಣು!"

ಹೌದು, ಕೂಡಿಸಿದರು! ಮಾಮಿ, ನಾನು, ಪಕ್ಕದ ಮನೆಯ ಅಜ್ಜಿ, ಕಡೆಗೆ ಸಬ್ಬಲ್ ಸಮೇತ ಇಮಾಮಸಾಬ, ಎಲ್ಲರೂ ಕಾರ್ಪೆಟ್ಟಿನ ಮೇಲೆ ಸಾಲಾಗಿ ಕುಳಿತೆವು. ಮಾಮಾ ಎಲ್ಲರಿಗೂ ಎಲೆ ಅಡಿಕೆ ಹಿಡಿದರು, ಅತ್ತರು ಹಚ್ಚಿದರು.

"ಕಾಕಾ, ನಾ ಪರಸಿ ಹಾಕಾಕ ಬಂದೇನ್ರಿ, ಬೀಗನಾಗಾಕ ಬಂದಿಲ್ಲ" ಎಂದ ಇಮಾಮಸಾಬ, ಎಲೆ ಜಗಿಯುತ್ತ.

ಅಜ್ಜಿ ಸುತ್ತ ನೋಡಿ, "ಅಲ್ಲೋ ಯಪ್ಪಾ, ಊಟಕ್ಕೇನ್ ಮಾಡಸೀದಿ?" ಎಂದು ಕೇಳಿಯೇಬಿಟ್ಟಳು. ಮಾಮಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು. ಮಾಮಾ ತಕ್ಷಣ ಕೈಮುಗಿದು, "ಇನ್ನ ಏಳ್ರಿ ಎಲ್ಲಾರೂ" ಎಂದರು. ಎದ್ದೆವು. ಆಮೇಲೆಯೇ ಕಾರ್ಪೆಟ್ ಎದ್ದದ್ದು.

ಅದರ ಕೆಳಗೆ ಇದ್ದದ್ದನ್ನು ಹೇಳಬೇಕೆ? ಒಂದು ಮಡಿ ಜೋಳ ಬಿತ್ತುವಷ್ಟು ಮಣ್ಣು! ಅದನ್ನು ಬುಟ್ಟಿಯಲ್ಲಿ ಹೊತ್ತು ಹಾಕುವಾಗ ಮಾಮಾ ನಮ್ಮೊಬ್ಬೊಬ್ಬರ ಮುಖ ನೋಡಿದರು. "ಇದೆಲ್ಲಾ ಆಕಿ ಎದಿಯೊಳಗ ಹೋಗಾಕತ್ತಿತ್ತೇನು?" ಎಂದು ಒಮ್ಮೆ ಕೇಳಿದರು. ಇಮಾಮಸಾಬ ಮುಂದಿನ ಬುಟ್ಟಿ ತುಂಬಿದ.

ಕಿತ್ತ ಕಾರ್ಪೆಟ್ಟನ್ನು ಎಸೆಯುವ ಮನಸ್ಸು ಮಾತ್ರ ಅವರಿಗೆ ಇನ್ನೂ ಬಂದಿರಲಿಲ್ಲ. ಉದ್ದದ ಸುರುಳಿ ಮಾಡಿ, ಟಂಟಂ ಗಾಡಿಯ ಮೇಲೆ ಹೊರಿಸಿ, ಬಂಧುಗಳಿಗೆ ಹಂಚಲು ಹೊರಟರು. ಕನಮಡಿಯ ಕಾಕಾನ ಮನೆಯವರು ಗಾಡಿ ಕಂಡು ಬಾಗಿಲು ಹಾಕಿಕೊಂಡರಂತೆ. ಬಬಲೇಶ್ವರದಲ್ಲಿ ಅವ್ವ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲೇ ನಿಂತಳು.

"ಏನಣ್ಣಾ, ವೈನಿ ಕೆಮ್ಮು ಬಿಡಿಸಿ ನನಗ ಹಚ್ಚಾಕ ಬಂದೀಯೇನು?"

"ಹಂಗಲ್ಲ ತಂಗೆವ್ವಾ, ಛಲೋ ಮಾಲೈತಿ..."

"ಛಲೋ ಇದ್ರ ನಿನ್ನ ತಲಿಗೆ ಸುತಗೊಂಡು ಹೋಗು!"

ಕಡೆಗೆ ಅದು ಎಲ್ಲಿಗೆ ಸೇರಿತು ಗೊತ್ತೇ? ಆ ಟಂಟಂನವನೇ ಕತ್ತರಿಸಿ ತನ್ನ ಸೀಟುಗಳಿಗೆ ಹೊದಿಸಿಕೊಂಡ. ಈಗ ತಿಕೋಟಾ ರಸ್ತೆಯಲ್ಲಿ ಹೋಗುವವರೆಲ್ಲ ನಮ್ಮ ಮಾಮಾನ ಬೀಗರೇ.

ಶಹಾಬಾದಿ ನೆಲ ತಣ್ಣಗೆ ಬಂತು. ಮಾಮಿ ಬೆಳಿಗ್ಗೆ ಒದ್ದೆ ಬಟ್ಟೆ ಎಳೆದರೆ ಕನ್ನಡಿಯಂತಲ್ಲದಿದ್ದರೂ ತೊಳೆದ ತಟ್ಟೆಯಂತೆ ಇರುತ್ತಿತ್ತು. ಕಿಟಕಿಯ ಗೋಣಿಚೀಲ ಬಿಚ್ಚಿದೆವು. ಒಗ್ಗರಣೆ ಮರಳಿ ಬಂತು. ಕೆಮ್ಮು ಮೆಲ್ಲಗೆ ಕಡಿಮೆಯಾಗುತ್ತ ಹೋಗಿ, ಒಂದು ದಿನ ನನ್ನ ಪುಟದಲ್ಲಿ ಅದರ ಜಾಗ ಖಾಲಿ ಉಳಿಯಿತು.

ಎಲ್ಲ ಸುಖವಾಯಿತು ಎಂದು ಕಥೆ ಮುಗಿಸಬಹುದಿತ್ತು. ಆದರೆ ಮಾಮಾ? ಅವರ ಚಡಪಡಿಕೆ ದುಪ್ಪಟ್ಟಾಯಿತು! ಪಡಸಾಲೆಯಲ್ಲಿ ಪೇಪರ್ ಬಿಡಿಸಿ ಕೂರುತ್ತಾರೆ, ಒಂದು ಸುದ್ದಿ ಓದುವುದರೊಳಗೆ ಎದ್ದು ಅಡುಗೆಮನೆಗೆ ಹೋಗುತ್ತಾರೆ. ನೀರು ಬೇಕು. ಮತ್ತೆ ಎದ್ದು ಹೋಗುತ್ತಾರೆ. ಅಡಿಕೆ ಬೇಕು. ಮತ್ತೆ. ಕಡ್ಡಿಪೆಟ್ಟಿಗೆ ಬೇಕು. ಬೀಡಿ ಸೇದದವರಿಗೆ ಕಡ್ಡಿಪೆಟ್ಟಿಗೆ ಯಾಕೆ? ಸಕ್ಕರೆ ಕಾಯಿಲೆಯೇನೋ, ಕದ್ದು ಬೆಲ್ಲ ತಿನ್ನುತ್ತಿದ್ದಾರೇನೋ ಎಂದು ನಾನು ಬೆಲ್ಲದ ಡಬ್ಬಿಗೆ ಗುರುತು ಹಾಕಿಟ್ಟೆ. ಬೆಲ್ಲ ಅಲುಗಿರಲಿಲ್ಲ.

ಒಂದು ಮುಂಜಾನೆ ಮಾಮಿಗೆ ರೇಗಿತು. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ, "ಏನ್ರೀ, ಅಡಗಿಮನ್ಯಾಗ ಏನರ ಕಳಕೊಂಡೀರೇನು? ಹತ್ತು ಸರತಿ ಬಂದ್ರಿ!" ಎಂದರು.

ಮಾಮಾ ಬಾಗಿಲಿಗೆ ಒರಗಿ ನಿಂತರು. ಬರಿಗಾಲಿನ ಬೆರಳಿನಿಂದ ಪರಸಿಯ ಸಂದಿಯನ್ನು ಕೆರೆದರು.

"ಏನಿಲ್ಲ. ಮೊದಲ ಕೆಮ್ಮತಿದ್ದಿ. ಇಲ್ಲೇ ಅದಾಳ ಅಂತ ಕುಂತಲ್ಲೇ ಗೊತ್ತಾಗತಿತ್ತು. ಈಗ ಏನೂ ಕೇಳಸೂದ ಇಲ್ಲ... ಜೀವ ನಿಲ್ಲೂದಿಲ್ಲ."

ಮಾಮಿ ಅವರನ್ನು ನೋಡಲಿಲ್ಲ. "ಹೋಗ್ರಿ, ರೊಟ್ಟಿ ಹೊತ್ತತಾವ" ಎಂದು ಹಂಚಿನ ಕಡೆ ತಿರುಗಿದರು. ಮಾಮಾ ಬಂದು ಖುರ್ಚಿಯಲ್ಲಿ ಕುಳಿತು ಪೇಪರ್ ಎತ್ತಿಕೊಂಡರು. ಸ್ವಲ್ಪ ಹೊತ್ತಾಯಿತು. ಕಾಲು ಅಲ್ಲಾಡತೊಡಗಿತು. ಪೇಪರ್ ಮಡಚಿದರು. ಇನ್ನೇನು ಏಳಬೇಕು, ಆಗ ಒಳಗಿನಿಂದ ಮಾಮಿ ಕೆಮ್ಮಿದರು. ಒಂದೇ ಒಂದು ಸಲ. ಅದರಲ್ಲಿ ದಮ್ಮೂ ಇರಲಿಲ್ಲ, ಧೂಳೂ ಇರಲಿಲ್ಲ.

ಮಾಮಾ ಪೇಪರ್ ಬಿಡಿಸಿ, ಮುಂದಿನ ಪುಟ ತಿರುವಿದರು.