ಮೊಣಕಾಲು ಸವೆದ ಮೇಲೆ ಕಾಕಾ ಮಾಡಿದ ಪ್ರಯಾಣಗಳು

ಮನೆಯ ಹೊಸ್ತಿಲು ದಾಟದೆ ಸೋಲಾಪುರದಿಂದ ಅಕ್ಕಲಕೋಟೆಗೆ ಹೋದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನಮ್ಮ ಕಾಕಾ! ನಂಬುವುದಿಲ್ಲವೇ? ನಾವೂ ಮೊದಲು ನಂಬಿರಲಿಲ್ಲ.

ಕಾಕಾ ನಮ್ಮ ತಂದೆಯ ತಮ್ಮ. ಸೋಲಾಪುರದ ಪೇಟೆಯಲ್ಲಿ ಅವರದು ಚಾದರದ ಅಂಗಡಿ. ನಲವತ್ತು ವರ್ಷ ಗಾದಿಯ ಮೇಲೆ ಚಕ್ಕಳಬಕ್ಕಳ ಹಾಕಿ ಕೂತ ಮೇಲೆ ಮೊಣಕಾಲುಗಳು ಮಾತಾಡತೊಡಗಿದವು. ಅದೂ ಕನ್ನಡ, ಮರಾಠಿ ಎರಡು ಭಾಷೆಯಲ್ಲಿ!

"ಎಡಗಾಲು 'ಅಯ್ಯಪ್ಪಾ' ಅಂತದ, ಬಲಗಾಲು 'ಆಯಿ ಗ' ಅಂತದ. ನಾ ಯಾವುದಕ್ಕ ಮೊದಲ ಉತ್ತರ ಕೊಡ್ಲಿ?" ಎಂದು ನಮ್ಮನ್ನೇ ಕೇಳುತ್ತಿದ್ದರು.

ಎಕ್ಸ್‌ರೇ ನೋಡಿದ ಡಾಕ್ಟರು ಕೀಲಿನ ಮೆತ್ತೆ ಸವೆದಿದೆ ಎಂದು ಹೇಳಿ, ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳ ಹತ್ತಿರ ಕಳಿಸಿದರು.

"ಕಾಕಾ, ಬರೇ ಕೂತ್ರ ಕಾಲು ಇನ್ನಷ್ಟು ಬಿಗೀತಾವ್ರಿ," ಎಂದಳು ಆಕೆ. "ಹಂಗಂತ ಓಡೂದು, ಜಿಗಿಯೂದು, ಬೈಠಕ್ ಹೊಡಿಯೂದು ಬ್ಯಾಡ. ನಿಂತಲ್ಲೇ ತುಳಿಯೂ ಸೈಕಲ್ ಅದ, ಕುರ್ಚಿ ಮ್ಯಾಲಿನ ವ್ಯಾಯಾಮ ಅದ, ನೀರಾಗ ನಡಿಯೂದು ಅದ. ನಿಮಗ ಸೇರಿದ್ದು ಆರಿಸ್ಕೊಳ್ರಿ."

ಹತ್ತು ಚಾದರ ಬಿಚ್ಚಿಸದೆ ಒಂದನ್ನು ಕೊಳ್ಳುವ ಗಿರಾಕಿಯನ್ನು ಕಾಕಾ ಜೀವಮಾನದಲ್ಲಿ ಕಂಡವರಲ್ಲ. ತಾವೂ ಎಲ್ಲವನ್ನೂ ಬಿಚ್ಚಿಸಿ ನೋಡಲು ನಿರ್ಧರಿಸಿದರು.

ಮೊದಲು ಸೈಕಲ್ ಬಂತು. ಹತ್ತು ನಿಮಿಷ ತುಳಿದು ನೋಡಿದರೆ ಎದುರಿಗೆ ಅದೇ ಗೋಡೆ! "ಇಷ್ಟು ತುಳದ್ರೂ ಊರು ಬಿಟ್ಟಿಲ್ಲಲ್ಲೋ!" ಎಂದು ಬೇಸರಪಟ್ಟರು. ಮರುದಿನದಿಂದ ಕಣ್ಣು ಮುಚ್ಚಿ, ಅಕ್ಕಲಕೋಟೆಯ ದಾರಿ ಹಿಡಿದು ತುಳಿಯತೊಡಗಿದರು.

"ವಳಸಂಗ ಬಂತು. ಎಡಕ್ಕ ಜ್ವಾಳ ತೆನಿ ಹಿಡದದ. ಹಿಂದಿಂದ ಎಸ್‌ಟಿ ಬಸ್ಸು ಬರಾಕತ್ತದ, ಎಲ್ಲಾರೂ ಸರೀರಿ!"

ನಾವು ನಿಜವಾಗಿಯೂ ಸರಿಯುತ್ತಿದ್ದೆವು! ಎಳೆ ಬಿಸಿಲು ಅವರ ಮುಚ್ಚಿದ ರೆಪ್ಪೆಗಳ ಮೇಲೆ ಆಡುತ್ತಿತ್ತು. ಸೈಕಲಿನ ಸಣ್ಣ ಗುಂಯ್‌ಗುಡುವಿಕೆ ಕೇಳುತ್ತ ಕೂತರೆ ನನಗೂ ಕೋಣೆಯೊಳಗೆ ಹೊಲದ ಗಾಳಿ ಬೀಸಿದಂತಾಗುತ್ತಿತ್ತು. ಎಂಟನೆಯ ದಿನ ಕಾಲು ಕೆಳಗಿಟ್ಟವರೇ, "ಅಕ್ಕಲಕೋಟಿ ಮುಟ್ಟಿದೆ. ಸ್ವಾಮಿಗೋಳ ಪ್ರಸಾದ ಎಲ್ಲದ?" ಎಂದರು. ಅವರ ಹೆಂಡತಿ, ನಮ್ಮ ಕಾಕು, ಸುಮ್ಮನೆ ಒಂದು ಚಮಚ ಸಕ್ಕರೆ ಕೈಗೆ ಹಾಕಿದರು.

ಮರುದಿನ ಮೊಣಕಾಲು ಊದಿಕೊಂಡಿತು. ಹುಡುಗಿ ಬಂದು ನೋಡಿ, "ಸೀಟು ಭಾಳ ಕೆಳಗದರಿ, ಏರಿಸ್ರಿ. ನೋವು ಹೆಚ್ಚಾದ ದಿನ ಸವಕಾಶ ತುಳೀರಿ," ಎಂದಳು.

"ಅಕ್ಕಲಕೋಟಿ ತನಕ ಹೋಗೇನವಾ, ಊದದ ಇರ್ತದೇನು?"

ಆಮೇಲೆ ಕುರ್ಚಿಯ ಸರದಿ. ಅಂಗಡಿಯಲ್ಲೇ ಕುರ್ಚಿ ಹಾಕಿಸಿ, ಕೂತಲ್ಲೇ ಒಂದೊಂದು ಕಾಲನ್ನು ನಿಧಾನವಾಗಿ ಮೇಲೆತ್ತಿ ಹಿಡಿಯುತ್ತಿದ್ದರು. ಒಬ್ಬ ಗಿರಾಕಿ ಜೋರಾಗಿ ಚೌಕಾಸಿ ಮಾಡುತ್ತಿದ್ದ. ಕಾಕಾನ ಕಾಲು ಮಾತಿಲ್ಲದೆ ಅವನತ್ತ ಏಳತೊಡಗಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು, "ಆತ್ರೀ ಮಾಲಕ, ನೀವು ಹೇಳಿದ ಭಾವಕ್ಕೇ ಕೊಡ್ರಿ!" ಎಂದುಬಿಟ್ಟ.

ನಗುತ್ತಲೇ ಇದ್ದೆವು. ಆದರೆ ಒಂದು ಬೆಳಿಗ್ಗೆ ಅಂಗಡಿಯ ಮೂರು ಮೆಟ್ಟಿಲು ಹತ್ತಲಾಗದೆ ಕಾಕಾ ಮೊದಲನೆಯದರ ಮೇಲೇ ಕೂತುಬಿಟ್ಟರು. "ಇಲ್ಲಿಗಿ ಮುಗೀತೇನೋ ನನ್ನ ಗಾದಿ?" ಎಂದರು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

ಆಗ ಕಾಕು ಬಾಯಿ ಬಿಟ್ಟರು. "ನೀರು ಒಂದು ಉಳದದಲ್ರಿ. ಕುರನೂರಿಗೆ ಹೋಗೂಣು ನಡೀರಿ. ನಮ್ಮ ತವರಮನಿ ಹೊಲದ ಬಾಜೂಕೇ ಹಿನ್ನೀರು ಅದ."

"ನೀರಂದ್ರ ನನಗ ಅಂಜಿಕಿ," ಎಂದರು ಕಾಕಾ. ಈ ಗುಟ್ಟು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ!

ಆದರೂ ಹೋದೆವು. ಬೋರಿ ನದಿಯ ಹಿನ್ನೀರು ಬೆಳಗಿನ ಹೊತ್ತು ಕದಲದೆ ಮಲಗಿತ್ತು. ಆಕಾಶ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೋ ತಿಳಿಯುತ್ತಿರಲಿಲ್ಲ. ತಲೆಯ ಟೊಪ್ಪಿಗೆ ತೆಗೆಯದೆ, ನನ್ನ ಭುಜ ಹಿಡಿದು, ಕಾಕಾ ಸೊಂಟದ ಮಟ್ಟದ ನೀರಿಗಿಳಿದರು. ಹತ್ತು ಹೆಜ್ಜೆ ನಡೆದರು. ಇಪ್ಪತ್ತು ನಡೆದರು. ಕಣ್ಣರಳಿಸಿ, "ಏ, ನನ್ನ ಭಾರ ಯಾರೋ ಹೊತ್ತಾರಲ್ಲೋ!" ಎಂದರು.

ಅಷ್ಟರಲ್ಲಿ ಕಾಕು ಸೆರಗು ಬಿಗಿದು ಕಟ್ಟಿ, ಕನ್ನಡಕ ಹಾಕಿಕೊಂಡೇ ನಮ್ಮನ್ನು ದಾಟಿ ಹೋದರು. ನೋಡುತ್ತಿದ್ದಂತೆ ಸದ್ದಿಲ್ಲದೆ ನೀರಿನ ಮೇಲೆ ತೇಲಿದರು. ನಾಲ್ಕು ಬಾರಿ ಕೈ ಬೀಸಿ, ತಿರುಗಿ, ಮತ್ತೆ ನಮ್ಮ ಹತ್ತಿರ ಬಂದು ನಿಂತರು.

ಕಾಕಾ ಬಾಯಿ ತೆರೆದೇ ನಿಂತಿದ್ದರು. "ನಿನಗ ಈಸಾಕ ಬರ್ತದ?"

"ಸಣ್ಣಾಕಿದ್ದಾಗ ದಿನಾ ಈಸ್ತಿದ್ದೆ. ಲಗ್ನ ಆದ ಮ್ಯಾಲ ಎಲ್ಲಿ ಈಸೂದ್ರಿ? ಪ್ಯಾಟ್ಯಾಗ?"

"ಒಂದಿನಾನೂ ಹೇಳಲಿಲ್ಲಲ್ಲ!"

"ಒಂದಿನಾನೂ ಕೇಳಲಿಲ್ಲಲ್ರೀ."

ಕಾಕಾ ನನ್ನ ಭುಜ ಬಿಟ್ಟು, ಕಾಕುವಿನ ಮುಖದಿಂದ ಒದ್ದೆ ಕನ್ನಡಕವನ್ನು ಮೆಲ್ಲಗೆ ತೆಗೆದುಕೊಂಡರು. "ಹೋಗು. ನಿನ್ನ ಮನಸ್ಸು ತುಂಬೂತನಕ ಈಸಿ ಬಾ. ನಾ ಇಲ್ಲೇ ನಿಂತಿರ್ತೀನಿ."

ಕಾಕು ಹೋದರು. ನೀರಿಗೆ ಅಂಜುವ ಕಾಕಾ ನೀರಿನ ನಡುವೆ ಒಬ್ಬರೇ ನಿಂತರು, ಕನ್ನಡಕಕ್ಕೆ ಇನ್ನೊಂದು ಹನಿಯೂ ತಾಗದಂತೆ ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದುಕೊಂಡು.