ಡೆಲ್ಬರ್ಟನ ಕಾಫಿ ಮಿಲ್ಲು

ಹಿಡಿ ತಿರುಗಿಸಿ ಗುಂಡಿನ ಮಳೆ ಸುರಿಸುತ್ತಿದ್ದ ಹಳೆಯ ಬಂದೂಕುಗಳಲ್ಲಿ ಒಂದಕ್ಕೆ ‘ಕಾಫಿ ಮಿಲ್ಲು’ ಎಂಬ ಅಡ್ಡಹೆಸರಿದೆ. ಮೇಲ್ಗಡೆ ಗುಂಡು ತುಂಬುವ ಆಲಿಕೆ, ಪಕ್ಕದಲ್ಲಿ ಹಿಡಿ, ನೋಡಲು ಕಾಫಿ ಬೀಸುವ ಯಂತ್ರದ ಹಾಗೇ. ಪೆನ್ಸಿಲ್ವೇನಿಯಾದ ಡೆಲ್ಬರ್ಟ್ ಶ್ಯಾಂಕನಿಗೆ ಈ ಅಡ್ಡಹೆಸರು ಗೊತ್ತಿದ್ದದ್ದೇ ತಪ್ಪಾಯಿತು.

ಅವನ ಗ್ಯಾರೇಜಿನಲ್ಲಿ ಅಂಥ ಬಂದೂಕು ಆಗಲೇ ಎರಡಿದ್ದವು. ಇನ್ನೊಂದನ್ನು ಕೊಂಡರೆ ಇದ್ದವನ್ನೂ ಸೇರಿಸಿ ಹರಾಜು ಹಾಕುವುದಾಗಿ ಹೆಂಡತಿ ಆರ್ಲೀನ್ ಹೇಳಿದ್ದಳು. ಹೇಳಿದ್ದನ್ನು ಮಾಡುವ ಹೆಂಗಸು.

ಆ ಶನಿವಾರ ಬೆಳಿಗ್ಗೆ ಪಕ್ಕದೂರಿನ ಹರಾಜಿನಲ್ಲಿ, ಕೂಗುವವನು ಎರಡು ಚಕ್ರದ ಮೇಲಿದ್ದ ತುಕ್ಕು ಯಂತ್ರವೊಂದನ್ನು ತೋರಿಸಿ, ಅಂತರ್ಯುದ್ಧದ ಕಾಲದ ಕಾಫಿ ಮಿಲ್ಲು ಎಂದ. ಆಲಿಕೆ, ಹಿಡಿ, ಮುಂದಕ್ಕೆ ಚಾಚಿದ ಕಬ್ಬಿಣದ ಕೊಳವೆ. ಇದು ಆ ಬಂದೂಕೇ ಎಂದು ಡೆಲ್ಬರ್ಟ್ ತೀರ್ಮಾನಿಸಿದ. ಈ ಪೆದ್ದರ ನಡುವೆ ತಾನೊಬ್ಬನೇ ಜಾಣನೆಂದುಕೊಂಡು, ಹಾಲಿನ ಪಾತ್ರೆ ಕಂಡ ಬೆಕ್ಕಿನಂತೆ ಸದ್ದಿಲ್ಲದೆ ಕೈ ಎತ್ತಿದ. ಪೈಪೋಟಿಗೆ ಯಾರೂ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಅವನು ಯೋಚಿಸಲೂ ಇಲ್ಲ.

ಮನೆಯಲ್ಲಿ ಸುಳ್ಳು ಹೇಳುವ ಪ್ರಮೇಯವೇ ಬರಲಿಲ್ಲ. ಏನದು ಎಂದು ಆರ್ಲೀನ್ ಕೇಳಿದಳು, ಕಾಫಿ ಮಿಲ್ಲು ಎಂದ. ಗಂಡನಿಗೆ ಕೊನೆಗೂ ಬುದ್ಧಿ ಬಂತೆಂಬ ಖುಷಿಯಲ್ಲಿ ಅವಳು ಪಕ್ಕದ ಮನೆಯ ಹೇಜಲ್‌ಗೆ ಫೋನ್ ಮಾಡಿದಳು. ಹೇಜಲ್ ಚರ್ಚಿನ ಅಡುಗೆಮನೆಯ ಯಜಮಾನಿ. ಸಂಜೆ ಅಲ್ಲಿ ಊರಿಗೆಲ್ಲ ಊಟವಿತ್ತು. ಡೆಲ್ಬರ್ಟ್ ಮಧ್ಯಾಹ್ನದ ನಿದ್ದೆ ಮುಗಿಸಿ ಏಳುವಷ್ಟರಲ್ಲಿ ಯಂತ್ರ ಚರ್ಚು ಸೇರಿತ್ತು.

ಓಡಿದ. ಹೆಂಗಸರು ಸೋಪುನೀರು ಹಾಕಿ ಅದನ್ನು ತಿಕ್ಕುತ್ತಿದ್ದರು. ಹಳೆಯ ಬಂದೂಕನ್ನು ತಿಕ್ಕುವುದೆಂದರೆ ಮುದುಕನ ಚರ್ಮ ಸುಲಿದಂತೆ ಎಂದು ನಂಬಿದವನು ಡೆಲ್ಬರ್ಟ್. ಆದರೆ ಬಾಯಿ ಬಿಟ್ಟರೆ ಎಲ್ಲವೂ ಹರಾಜಿಗೆ. ಹೇಜಲ್ ಆಲಿಕೆಗೆ ಹುರಿದ ಕಾಫಿ ಬೀಜ ಸುರಿದಳು. ಕಿವಿ ಮಂದವಾದ ಮುದಿ ಪಾದ್ರಿ ಅಂಗಿಯ ತೋಳು ಮಡಚಿ ಹಿಡಿಗೆ ಕೈಹಾಕಿದರು. ಡೆಲ್ಬರ್ಟನಿಗೆ ಇನ್ನು ತಡೆಯಲಾಗಲಿಲ್ಲ.

“ತಿರುಗಿಸ್ಬೇಡಿ, ಫಾದರ್. ಅದು ಬಂದೂಕು.”

ಆರ್ಲೀನ್ ನಿಧಾನವಾಗಿ ತಿರುಗಿದಳು. “ಬೆಳಿಗ್ಗೆ ಕಾಫಿ ಮಿಲ್ಲು ಅಂದೆ.”

“ಅದರ ಹೆಸರೇ ಅದು. ಬಂದೂಕಿನ ಹುಚ್ಚಿರೋರೆಲ್ಲ ಹಾಗೇ ಅನ್ನೋದು.”

“ಅಂದ್ರೆ ಮೂರನೇದು.”

“ಮೂರನೇದು,” ಎಂದು ಡೆಲ್ಬರ್ಟ್ ತಲೆ ತಗ್ಗಿಸಿದ.

ಅವನ ಮಾತು ಕೇಳಿಸದ ಪಾದ್ರಿ ಅಷ್ಟರಲ್ಲಿ ಗರಗರ ತಿರುಗಿಸಿಯೇಬಿಟ್ಟಿದ್ದರು. ಕಬ್ಬಿಣದ ಕೊಳವೆಯಿಂದ ಘಮಘಮಿಸುವ ಕಾಫಿಪುಡಿ ಪಾತ್ರೆಗೆ ಸುರಿಯಿತು. ಹೇಜಲ್ ಒಂದು ಚಿಟಿಕೆ ಎತ್ತಿ ಬೆರಳಲ್ಲಿ ಉಜ್ಜಿ ನೋಡಿದಳು.

“ಗುಂಡು ನುಣ್ಣಗೆ ಬರ್ತಿದೆ ಕಣಯ್ಯ, ಡೆಲ್ಬರ್ಟ್.”

ಚರ್ಚೆಲ್ಲ ನಕ್ಕಿತು. ಅದು ನಿಜಕ್ಕೂ ಹಿಂದೆ ದಂಡಿನವರಿಗೆ ಕಾಫಿ ಬೀಸುತ್ತಿದ್ದ ಗಾಡಿ. ಹರಾಜಿನವನು ಇದ್ದದ್ದನ್ನು ಇದ್ದಹಾಗೆ ಹೇಳಿದ್ದ. ಮಾನ ಹೋದರೂ ಬಂದೂಕು ಉಳಿದವಲ್ಲ ಎಂದು ಡೆಲ್ಬರ್ಟನಿಗೆ ಹೋದ ಜೀವ ಬಂತು.

“ನೋಡಿದ್ಯಾ ಆರ್ಲೀನ್, ನಾನು ಕೊಂಡಿದ್ದು ಬಂದೂಕೇ ಅಲ್ಲ.”

“ಕೊಂಡಿದ್ದು ಬಂದೂಕೇ. ಮನೆಗೆ ಬಂದಿದ್ದು ಮಾತ್ರ ಕಾಫಿ ಮಿಲ್ಲು,” ಎಂದು ಆರ್ಲೀನ್ ಅವನ ಕೈಗೆ ಲೋಟ ಕೊಟ್ಟಳು. “ಸೋಮವಾರ ಆ ಎರಡನ್ನೂ ಹರಾಜಿಗೆ ಕಳಿಸ್ತೀನಿ. ಇದನ್ನ ಇಟ್ಕೋ. ಕೆಲಸಕ್ಕೆ ಬರುತ್ತೆ.”