ಮೂಲೆ ಕುರ್ಚಿಯ ಓದುಗರು

ಇಷ್ಟು ವರ್ಷ ಗ್ರಂಥಾಲಯ ನೋಡಿಕೊಂಡವಳಿಗೆ ದೆವ್ವದ ಭಯ ಇರಬಾರದು. ಆದರೆ ಹೊನ್ನಾವರದ ನಮ್ಮ ಪುಟ್ಟ ಶಾಖೆಯಲ್ಲಿ ತಿಂಗಳಿಗೊಮ್ಮೆಯಾದರೂ ಏನಾದರೂ ನಡೆದು, 'ದೆವ್ವ ಇಲ್ಲ' ಎಂದು ಗಟ್ಟಿಯಾಗಿ ಹೇಳುವ ಧೈರ್ಯ ನನಗೆ ಬರುವುದೇ ಇಲ್ಲ.

ಹಂಚಿನ ಮಾಡು, ಹಗಲಲ್ಲೂ ದೀಪ ಬೇಕಾಗುವ ಎರಡು ಕೋಣೆ, ಮೂಲೆಯಲ್ಲೊಂದು ಬೆತ್ತದ ಕುರ್ಚಿ. ಆ ಕುರ್ಚಿಯಲ್ಲಿ ಓದುತ್ತ ಕೂತಿದ್ದ ಹಿರಿಯರೊಬ್ಬರು ಹಾಗೆಯೇ ತೀರಿಕೊಂಡರು. ಅಂದಿನಿಂದ ಓದುಗರು ಕಡಿಮೆಯಾದರು. ಮೇಲಿನವರಿಂದ ಕಾಗದ ಬಂತು: ಮೂರು ತಿಂಗಳಲ್ಲಿ ದಿನಕ್ಕೆ ನಲವತ್ತು ಓದುಗರು ಆಗದಿದ್ದರೆ ಶಾಖೆಗೆ ಬೀಗ, ಪುಸ್ತಕವೆಲ್ಲ ಕುಮಟಾಕ್ಕೆ.

೧. ಕೊನೆಯ ಪುಟ

ಆ ಹಿರಿಯರ ಕೈಯಲ್ಲಿ ಕೊನೆಗೆ ಇದ್ದದ್ದು ಒಂದು ಪತ್ತೇದಾರಿ ಕಾದಂಬರಿ. ಹತ್ತನೆಯ ದಿನ ಅವರ ಮಗ ಬೆವರುತ್ತ ಬಂದರು. ಪಿಂಡ ಇಟ್ಟು ತಾಸಾದರೂ ಕಾಗೆ ಮುಟ್ಟಿರಲಿಲ್ಲವಂತೆ. ತಂಗಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದು ಮನೆಯವರೆಲ್ಲ ಕಾಗೆಗೆ ಮಾತು ಕೊಟ್ಟರಂತೆ, ಬಾವಿಕಟ್ಟೆ ಕಟ್ಟಿಸುತ್ತೇವೆ ಎಂದರಂತೆ. ಕಾಗೆ ಮಾವಿನ ಮರದಲ್ಲಿ ಕೂತು ಸುಮ್ಮನೆ ನೋಡುತ್ತಿತ್ತಂತೆ.

"ಕೊಲೆ ಮಾಡಿದ್ದು ಯಾರು ಹೇಳಿ ಅಪ್ಪಗೆ ಗೊತ್ತಾಗ್ಲಿಲ್ಲ ಅಕ್ಕೋರೆ. ನೀವೇ ಬಂದು ಓದ್ಬೇಕು."

ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ಪುಸ್ತಕ ಕೊಡುವವಳಿಗೂ ಅದೇ ಹೆಸರು ಅಂಟಿದೆ. ಹೋದೆ. ಮರದ ಕೆಳಗೆ ನಿಂತು ಕೊನೆಯ ಪುಟಗಳನ್ನು ಗಟ್ಟಿಯಾಗಿ ಓದಿದೆ. ಓದಿದ ಹಾಗೆ ಕಾಗೆ ಒಂದೊಂದೇ ಗೆಲ್ಲು ಕೆಳಗಿಳಿಯಿತು. ಕೊಲೆಗಾರನ ಹೆಸರು ಬಂದದ್ದೇ ತಡ, ಹಾರಿ ಬಂದು ಪಿಂಡಕ್ಕೆ ಬಾಯಿ ಹಾಕಿತು.

ಎಲ್ಲರೂ ಕೈ ಮುಗಿದರು. ಪುರೋಹಿತರ ಮುಖ ಮಾತ್ರ ಗಡಿಗೆಯಷ್ಟಾಗಿತ್ತು. ಎಂತಾತು ಭಟ್ರೆ ಎಂದು ಕೇಳಿದೆ.

"ಅವರಾದ ಮೇಲೆ ಆ ಪುಸ್ತಕ ನನಗೆ ಹೇಳಿ ನಿಮ್ಮಲ್ಲಿ ಹೆಸರು ಬರೆಸಿಟ್ಟಿದ್ದೆ. ಕೊಲೆ ಮಾಡಿದ್ದು ಯಾರು ಹೇಳಿ ಗೊತ್ತಾತು. ಇನ್ನೆಂತ ಓದೂದು?"

೨. ಗೀರುವ ಸದ್ದು

ಆ ಸುದ್ದಿ ಊರೆಲ್ಲ ಹಬ್ಬಿತು. ಸರಿ, ಹೆದರಿಕೆ ಹೋಗಲೆಂದು ಒಂದು ಮಧ್ಯಾಹ್ನ ಮಕ್ಕಳಿಗೆ ಕಥೆ ಹೇಳುವ ಕಾರ್ಯಕ್ರಮ ಇಟ್ಟೆ. ಕಥೆ ಅರ್ಧಕ್ಕೆ ಬಂದಿತ್ತು. ಮೂಲೆ ಕುರ್ಚಿಯ ಹಿಂದಿನ ಕಪಾಟಿನ ಅಡಿಯಿಂದ ಕರಕರ ಸದ್ದು. ಉಗುರಲ್ಲಿ ಮರ ಗೀರಿದ ಹಾಗೆ. ನಿಂತಿತು. ನಾನು ಬಾಯಿ ತೆರೆದ ಕೂಡಲೇ ಮತ್ತೆ ಶುರು. ಮಕ್ಕಳು ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಅವರಿಗಿಂತ ಮೊದಲು ಅಂಗಳ ಮುಟ್ಟಿದವಳು ನಾನು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆಗ ಕಾಸರಕೋಡದಿಂದ ಮೀನು ಮಾರಲು ಬರುವ ಹೆಂಗಸು ಬಂದಳು. ಏಳನೆಯ ಇಯತ್ತೆ ಕಲಿತವಳು. ವ್ಯಾಪಾರದ ನಡುವೆ ಬುಟ್ಟಿ ಪಕ್ಕಕ್ಕಿಳಿಸಿ ದಿನವೂ ಅರ್ಧ ತಾಸು ವಾರಪತ್ರಿಕೆ ಓದಿ ಹೋಗುತ್ತಾಳೆ. ನೇರ ಒಳಗೆ ಹೋಗಿ ಕಪಾಟಿನ ಅಡಿಗೆ ಕೈ ಹಾಕಿ ಅಂಗೈಯಗಲದ ಜೀವಂತ ಏಡಿಯೊಂದನ್ನು ಎಳೆದಳು.

"ನಿನ್ನೆ ಬುಟ್ಟಿಯಲ್ಲಿ ಒಂದು ಕಮ್ಮಿ ಬಂದಿತ್ತು," ಎಂದಳು. "ನಾನು ಸುಮ್ಮನೆ ಗಂಡನ್ನ ಬೈದೆ."

೩. ಬೆಳಿಗ್ಗೆ ಬರುವವರು

ಇಷ್ಟಾದ ಮೇಲೆ ನನ್ನ ಕಣ್ಣೆದುರು ದಿನಕ್ಕೆ ಹತ್ತು ಜನ ಬಂದರೆ ಹೆಚ್ಚು, ಅವರೂ ಸಹಿ ಹಾಕದೆ ಪತ್ರಿಕೆ ತಿರುವಿ ಹೋಗುವವರು. ಆದರೆ ಓದುಗರು ಸಹಿ ಹಾಕುವ ವಹಿಯಲ್ಲಿ ದಿನವೂ ಸರಿಯಾಗಿ ನಲವತ್ತು ಹೆಸರು. ನಿವೃತ್ತಿಗೆ ಹತ್ತಿರವಾದ ನಮ್ಮ ಅಟೆಂಡರ್ ಎಂಟಕ್ಕೇ ಬಾಗಿಲು ತೆಗೆಯುತ್ತಾರೆ, ನಾನು ಬರುವುದು ಹತ್ತಕ್ಕೆ. ಎಲ್ಲ ಬೆಳಿಗ್ಗೆಯೇ ಬಂದು ಹೋಗ್ತ್ರು ಎಂದರು. ನಂಬಿದೆ. ನಂಬದೆ ಮಾಡುವುದೇನು, ಶಾಖೆ ಉಳಿಯಬೇಕಿತ್ತು.

ಮೂರು ತಿಂಗಳು ಮುಗಿದ ದಿನ ಕಾರವಾರದಿಂದ ಸಾಹೇಬರು ಬಂದರು. ಬೀಗ ಹಾಕುವ ಆದೇಶ ಚೀಲದಲ್ಲೇ ಇತ್ತು. ವಹಿಯ ಪುಟ ತಿರುಗಿಸುತ್ತ ಹೋದವರು ಒಂದು ಕಡೆ ನಿಂತರು. ಬೆರಳಿಟ್ಟಲ್ಲಿ ನೋಡಿದೆ. ಒಬ್ಬರ ಹೆಸರು, ಊರು, ಎದುರಿಗೆ ನಡುಗುವ ಕೈಯ ಸಹಿ.

"ಇದು ನನ್ನ ಅಪ್ಪ," ಎಂದರು. "ತೀರಿಹೋಗಿ ತಿಂಗಳಾಯಿತು. ಇಲ್ಲಿ ನಿನ್ನೆಯ ತಾರೀಖು."

ಸಾಹೇಬರು ಮೆಲ್ಲಗೆ, ಅವರು ಎಲ್ಲಿ ಕೂತಿದ್ದರು ಎಂದು ಕೇಳಿದರು. ಅಟೆಂಡರ್ ಕಣ್ಣು ಪಿಳುಕಿಸದೆ ಮೂಲೆ ಕುರ್ಚಿ ತೋರಿಸಿದರು. ಸಾಹೇಬರು ಹೋಗಿ ಅದರ ಕೈಯನ್ನು ಸವರಿದರು. ಅವರ ಕಣ್ಣು ತುಂಬಿತ್ತು.

"ಬದುಕಿದ್ದಾಗ ಒಂದು ಪುಸ್ತಕ ಮುಟ್ಟಿದವರಲ್ಲ. ಅಂಥವರನ್ನೂ ಓದಿಸಿದ ಗ್ರಂಥಾಲಯ. ಇದಕ್ಕೆ ಬೀಗ ಹಾಕಿದರೆ ಅವರು ನನ್ನ ಮನೆಗೆ ಬರುತ್ತಾರೆ."

ವಹಿಯಲ್ಲಿ 'ಶಾಖೆ ಮುಂದುವರಿಯಲಿ' ಎಂದು ಬರೆದು, ಚಹಾ ಕೂಡ ಕುಡಿಯದೆ ಜೀಪು ಹತ್ತಿದರು.

ನಾನು ಅಟೆಂಡರಿಗೆ ಗಂಟು ಬಿದ್ದೆ. ಅವರು ಒಪ್ಪಿಕೊಂಡರು. ಪತ್ರಿಕೆಯ ನಿಧನ ವಾರ್ತೆ ಎದುರಿಗಿಟ್ಟುಕೊಂಡು ಭಟ್ಕಳದಿಂದ ಕುಮಟಾದವರೆಗಿನ ಸತ್ತವರನ್ನೆಲ್ಲ ದಿನವೂ ಓದುಗರನ್ನಾಗಿ ಮಾಡಿದ್ದರು. ಮೊದಲು ಬದುಕಿದ್ದವರ ಹೆಸರನ್ನೇ ಬರೆದಿದ್ದರಂತೆ. ಒಬ್ಬನ ಹೆಂಡತಿ ಅದನ್ನು ನೋಡಿ, ಇಡಗುಂಜಿಗೆ ಹೋದೆನೆಂದ ಗಂಡ ಇಲ್ಲಿ ಯಾರ ಜೊತೆ ಕೂತಿದ್ದ ಎಂದು ಜಗಳಕ್ಕೆ ಬಂದಳಂತೆ.

"ಸತ್ತವರು ಜಗಳಕ್ಕೆ ಬರೂದಿಲ್ಲ ಅಕ್ಕೋರೆ."

"ಆದರೂ ಸಾಹೇಬರ ಅಪ್ಪನ ಹೆಸರನ್ನೇ ಬರೆಯುವುದಾ?"

ಅವರು ವಹಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಉಳಿದ ಸಾಲೆಲ್ಲ ಅವರ ದುಂಡು ಅಕ್ಷರ, ನೀಲಿ ಪೆನ್ನು. ಈ ಒಂದು ಸಾಲು ಕಪ್ಪು ಶಾಯಿ. ನಿನ್ನೆಯ ಪುಟವನ್ನು ಎಣಿಸಿದರೆ ನಲವತ್ತೊಂದು ಹೆಸರಿತ್ತು.

"ನಲವತ್ತು ನಂದು," ಎಂದರು ಅಟೆಂಡರ್, ದನಿ ತಗ್ಗಿಸಿ. "ಇದು ನಾ ಬರದದ್ದಲ್ಲ."

ಇಬ್ಬರೂ ಮೂಲೆಯ ಕಡೆ ತಿರುಗಲಿಲ್ಲ. ನಾನು ಅಂದಿನ ಪತ್ರಿಕೆ ಮಡಚಿ, ನೋಡದೆಯೇ ಕೈಚಾಚಿ ಕುರ್ಚಿಯ ಮೇಲಿಟ್ಟೆ.

"ಇನ್ನು ಮೇಲೆ ನೀವು ಮೂವತ್ತೊಂಬತ್ತೇ ಬರೀರಿ," ಎಂದೆ. "ಒಬ್ಬರು ಖಾಯಂ ಆತು."